ಕೈಬಿಟ್ಟ ಹನ್ನೆರಡನೇ ದಿನಕ್ಕೆ ಬಂದ ಹುಡುಗ

ಪ್ರಶ್ನೆ: ನಾನು ಹಾಸನದವನು, ಮ್ಯಾಸಚೂಸೆಟ್ಸ್‌ಗೆ ಬಂದು ಒಂಬತ್ತು ವರ್ಷ ಆಯಿತು. ಬೇಸ್‌ಬಾಲ್ ಹುಚ್ಚು ಹತ್ತಿಸಿದ್ದು ನನ್ನ ಭಾವ. ಅವರು ನಡೆಸುವ ಫ್ಯಾಂಟಸಿ ಲೀಗ್‌ನಲ್ಲಿ (ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರ ಅಂಕಿಗಳಿಂದ ಪೈಪೋಟಿ ಮಾಡುವ ಆಟ) ಹನ್ನೆರಡು ಜನ ಇದ್ದೇವೆ. ರೋಟೋ ಪದ್ಧತಿ, ಅಂದರೆ ಬ್ಯಾಟಿಂಗ್‌ಗೆ ಐದು, ಪಿಚಿಂಗ್‌ಗೆ (ಚೆಂಡು ಎಸೆಯುವುದಕ್ಕೆ) ಐದು ಲೆಕ್ಕ, ಒಂದೊಂದರಲ್ಲೂ ಬಂದ ಸ್ಥಾನಕ್ಕೆ ಅಂಕ. ಪ್ರತಿ ವರ್ಷ ಹೊಸದಾಗಿ ಡ್ರಾಫ್ಟ್, ಅಂದರೆ ಸರದಿ ಪ್ರಕಾರ ಆಟಗಾರರ ಆಯ್ಕೆ. 2025ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಇಬ್ಬರು ಹುಡುಗರನ್ನು ತಗೊಂಡೆ. ಕ್ರಿಸ್ಟಿಯನ್ ಕ್ಯಾಂಪ್‌ಬೆಲ್ ಏಪ್ರಿಲ್‌ನಲ್ಲಿ ಚೆನ್ನಾಗಿ ಆಡಿ ಆಮೇಲೆ ಬಿದ್ದುಹೋದ. ರೋಮನ್ ಆಂಥನಿಯನ್ನು ಎರಡು ತಿಂಗಳು ಬೆಂಚಿನಲ್ಲಿ ಕೂರಿಸಿಕೊಂಡು, ಸಾಕಾಗಿ ಮೇ 28ರಂದು ಬಿಟ್ಟೆ. ಜೂನ್ 9ಕ್ಕೆ ಅವನನ್ನು ಕೆಳಗಿನ ಹಂತವಾದ ಮೈನರ್ ಲೀಗ್‌ನಿಂದ ಬಾಸ್ಟನ್‌ಗೆ ಕರೆಸಿದರು. ಅಷ್ಟರಲ್ಲಿ ಅವನು ಭಾವನ ತಂಡದಲ್ಲಿದ್ದ. ಅಷ್ಟು ಒಳ್ಳೆ ಹುಡುಗನನ್ನು ಅಷ್ಟು ದಿನ ಕೆಳಗೆ ಇಟ್ಟಿದ್ದು ರೆಡ್ ಸಾಕ್ಸ್‌ನ ದಡ್ಡತನ ಅಲ್ವಾ? ನಾನಿನ್ನು ಪ್ರಾಸ್ಪೆಕ್ಟ್‌ಗಳನ್ನು, ಅಂದರೆ ಇನ್ನೂ ಮೇಲೆ ಬರಬೇಕಾದ ಭರವಸೆಯ ಹುಡುಗರನ್ನು, ಮುಟ್ಟಲೇಬಾರದಾ? ಈ ಸಲ, 2026ಕ್ಕೆ, ಎಲ್ಲರೂ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಕಾನರ್ ಗ್ರಿಫಿನ್ ಅಂತಿದ್ದಾರೆ. ಭಾನುವಾರ ಡ್ರಾಫ್ಟ್ ಇದೆ.

ಉತ್ತರ:

ಮೊದಲು ನಿಮ್ಮ ಮೇ 28ರ ವಿಷಯ. ಆ ದಿನ ನೀವು ಮಾಡಿದ್ದು ತಪ್ಪಲ್ಲ. ತಪ್ಪಾಗಿದ್ದು ಮಾರ್ಚ್‌ನಲ್ಲಿ.

ಮಾರ್ಚ್‌ನಲ್ಲಿ ಆಂಥನಿಯನ್ನು ತಗೊಂಡಾಗ ನೀವು ನೋಡಿದ್ದು ಅವನ ಆಟವನ್ನು. ಆಟದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಅವನು ಬಾಸ್ಟನ್‌ಗೆ ಬಂದರೆ ಎಲ್ಲಿ ನಿಲ್ಲುತ್ತಾನೆ, ಯಾರನ್ನು ಎಬ್ಬಿಸಿ ಇವನನ್ನು ಕೂರಿಸುತ್ತಾರೆ ಅನ್ನುವುದನ್ನು ನೀವು ಕೇಳಿಕೊಳ್ಳಲಿಲ್ಲ ಅನಿಸುತ್ತದೆ. ಪ್ರಾಸ್ಪೆಕ್ಟ್ ವಿಷಯದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಅದೇ. ಹುಡುಗ ಎಷ್ಟು ಒಳ್ಳೆಯವನು ಅನ್ನುವುದು ಎರಡನೆಯದು.

2025ರ ಮಾರ್ಚ್ 27ರಂದು ರೆಡ್ ಸಾಕ್ಸ್ ಹೇಗಿತ್ತು, ನೆನಪಿಸಿಕೊಳ್ಳಿ. ಔಟ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ಹೊರಭಾಗದಲ್ಲಿ, ಎಡಕ್ಕೆ ಜ್ಯಾರನ್ ಡ್ಯುರಾನ್. ನಡುವೆ ಸೆಡಾನ್ ರಫೇಲಾ. ಬಲಕ್ಕೆ ವಿಲ್ಯರ್ ಅಬ್ರೇಯು. ಅಬ್ರೇಯು ಹಿಂದಿನ ವರ್ಷವೇ ಗೋಲ್ಡ್ ಗ್ಲವ್ ಅನ್ನುವ ಫೀಲ್ಡಿಂಗ್ ಪ್ರಶಸ್ತಿ ಗೆದ್ದಿದ್ದ. 2025ರ ಕೊನೆಗೆ ಅವನು ಮತ್ತೆ ಗೆದ್ದ, ರಫೇಲಾನೂ ಗೆದ್ದ. ಅಂದರೆ ಔಟ್‌ಫೀಲ್ಡ್‌ನಲ್ಲಿ ಮೂರು ಜಾಗ, ಮೂರೂ ಭರ್ತಿ, ಅದರಲ್ಲಿ ಇಬ್ಬರು ಕ್ಯಾಚ್ ಹಿಡಿಯುವುದರಲ್ಲಿ ಲೀಗಿನಲ್ಲೇ ಮೇಲಿನವರು. ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟ್ ಮಾಡುವ ಡಿಎಚ್ ಜಾಗ ಒಂದಿತ್ತಲ್ಲ ಅಂತ ನೀವು ಕೇಳಬಹುದು. ಅಲ್ಲಿ ರಫೇಲ್ ಡೆವರ್ಸ್ ಇದ್ದ. ಫೆಬ್ರುವರಿಯಲ್ಲಿ ಅಲೆಕ್ಸ್ ಬ್ರೆಗ್ಮನ್‌ಗೆ 12 ಕೋಟಿ ಡಾಲರ್ ಕೊಟ್ಟು ಕರೆತಂದು ಥರ್ಡ್ ಬೇಸ್‌ನಲ್ಲಿ ನಿಲ್ಲಿಸಿದ್ದರು. ಅಲ್ಲಿದ್ದ ಡೆವರ್ಸ್ ಡಿಎಚ್‌ಗೆ ಸರಿಯಬೇಕಾಯಿತು, ಅದು ಅವನಿಗೆ ಇಷ್ಟ ಇರಲಿಲ್ಲ. ಹೀಗೆ ನಾಲ್ಕನೇ ಜಾಗವೂ ಹೋಯಿತು.

ಈ ಲೆಕ್ಕ ಯಾಕೆ ಇಷ್ಟು ಬಿಗಿ ಅಂದರೆ ರೋಸ್ಟರ್ ಅನ್ನುವುದೇ ಚಿಕ್ಕದು. ಆಡಲು ಸಿದ್ಧವಾಗಿ ಇರಬಹುದಾದವರು 26 ಜನ. ಪಿಚರ್‌ಗಳು 13ಕ್ಕಿಂತ ಜಾಸ್ತಿ ಇರುವಂತಿಲ್ಲ, ಎಲ್ಲ ತಂಡಗಳೂ ಆ 13ನ್ನೂ ತುಂಬಿಕೊಳ್ಳುತ್ತವೆ. ಉಳಿದದ್ದು 13 ಬ್ಯಾಟರ್‌ಗಳು. ದಿನಾ ಆಡುವವರು ಒಂಬತ್ತು, ಇನ್ನೊಬ್ಬ ಕ್ಯಾಚರ್ ಬೇಕೇ ಬೇಕು. ಇನ್ನು ಉಳಿಯುವುದು ಮೂರು ಕುರ್ಚಿ. ಇಪ್ಪತ್ತು ವರ್ಷದ ಹುಡುಗನನ್ನು ಆ ಮೂರರಲ್ಲಿ ಒಂದರಲ್ಲಿ ಕೂರಿಸಿ ವಾರಕ್ಕೆ ಎರಡು ದಿನ ಆಡಿಸಿದರೆ ಅವನು ಕಲಿಯುವುದು ನಿಂತುಹೋಗುತ್ತದೆ. ಅದರ ಬದಲು ಮೈನರ್ ಲೀಗ್‌ನ ಎಲ್ಲಕ್ಕಿಂತ ಮೇಲಿನ ಹಂತವಾದ ಟ್ರಿಪಲ್-ಎ ತಂಡದಲ್ಲಿ ದಿನಾ ನಾಲ್ಕು ಸಲ ಬ್ಯಾಟ್ ಹಿಡಿಯಲಿ ಅಂತ ತಂಡ ಯೋಚಿಸುತ್ತದೆ. ಇದರಲ್ಲಿ ದಡ್ಡತನ ಇಲ್ಲ.

ನಮಗೆ ಇದು ಹೊಸ ನೋವೇನಲ್ಲ. ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಅಜೇಯ 303 ಹೊಡೆದರು. ಮುಂದಿನ ಟೆಸ್ಟ್‌ನಲ್ಲಿ ಹೊರಗೆ ಕೂತರು, ಯಾಕಂದರೆ ಗಾಯದಿಂದ ಸುಧಾರಿಸಿಕೊಂಡ ರಹಾನೆ ವಾಪಸ್ ಬಂದಿದ್ದರು. ನಮ್ಮ ಮನೆಯಲ್ಲಿ ಆ ದಿನ ಟಿವಿ ಹಾಕಲೇ ಇಲ್ಲ. ಆಟ ಇದ್ದರೂ ಜಾಗ ಇಲ್ಲದೆ ಹೋಗುವುದು ಏನು ಅಂತ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ದುಡ್ಡಿನ ವಿಷಯ. ಇದನ್ನು ಬಿಟ್ಟು ರೋಸ್ಟರ್ ಮಾತಾಡಿದರೆ ಅರ್ಧ ಮಾತಾಡಿದ ಹಾಗೆ.

ಆಟಗಾರನೊಬ್ಬ ಮೇಜರ್ ಲೀಗ್‌ನಲ್ಲಿ ಕಳೆದ ದಿನಗಳನ್ನು ಎಣಿಸುತ್ತಾರೆ. ಅದಕ್ಕೆ ಸರ್ವಿಸ್ ಟೈಮ್ ಅನ್ನುತ್ತಾರೆ. ಒಂದು ಸೀಸನ್ ಸುಮಾರು 187 ದಿನ ನಡೆಯುತ್ತದೆ. ಅದರಲ್ಲಿ 172 ದಿನ ಇದ್ದರೆ ಒಂದು ವರ್ಷ ಅಂತ ಲೆಕ್ಕ. ಇಂಥ ಆರು ವರ್ಷ ಮುಗಿದರೆ ಆಟಗಾರ ಸ್ವತಂತ್ರ, ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಮೊದಲ ಮೂರು ವರ್ಷ ಬಹುತೇಕರಿಗೆ ಕನಿಷ್ಠ ಸಂಬಳ, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. 2025ರಲ್ಲಿ ಆ ಕನಿಷ್ಠ 7,60,000 ಡಾಲರ್. ನಮ್ಮ ನಿಮ್ಮಂಥವರಿಗೆ ಅದು ದೊಡ್ಡ ಮೊತ್ತ. ಆದರೆ ಒಬ್ಬ ಸ್ಟಾರ್‌ಗೆ ಹೊರಗೆ ಸಿಗುವ ಕೋಟಿಗಳ ಮುಂದೆ ಏನೂ ಅಲ್ಲ. ಹಾಗಾಗಿ ಹುಡುಗನನ್ನು ಎರಡೂವರೆ ವಾರ ತಡವಾಗಿ ಕರೆಸಿದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯಲ್ಲಿ ತಂಡಕ್ಕೆ ಅವನು ಪೂರ್ತಿ ಒಂದು ವರ್ಷ ಜಾಸ್ತಿ ಸಿಗುತ್ತಾನೆ.

ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ ಕ್ರಿಸ್ ಬ್ರಯಂಟ್. 2015ರ ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ (ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳು) ಅವನು ಒಂಬತ್ತು ಹೋಮ್‌ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದ. ಆದರೂ ಶಿಕಾಗೊ ಕಬ್ಸ್ ಅವನನ್ನು ಐಯೋವಾದ ಟ್ರಿಪಲ್-ಎ ತಂಡಕ್ಕೆ ಕಳಿಸಿತು. ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು ಅಂತ ಕಾರಣ ಕೊಟ್ಟರು. ಸೀಸನ್ ಶುರುವಾಗಿ ಎರಡು ವಾರ ತುಂಬುವ ಮೊದಲೇ, ಏಪ್ರಿಲ್ 17ಕ್ಕೆ ಕರೆಸಿಕೊಂಡರು. ವರ್ಷದ ಕೊನೆಗೆ ಅವನ ಲೆಕ್ಕದಲ್ಲಿ ಇದ್ದದ್ದು 171 ದಿನ. ಒಂದೇ ದಿನ ಕಡಿಮೆ! ಅವನು ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಗೆದ್ದ. ಮರುವರ್ಷ ಎಂವಿಪಿ (ಲೀಗಿನ ಅತ್ಯಮೂಲ್ಯ ಆಟಗಾರ) ಆದ, ಕಬ್ಸ್ 108 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು. ಆಟಗಾರರ ಸಂಘ ಹಾಕಿದ ದೂರು 2020ರಲ್ಲಿ ತಳ್ಳಿಹೋಯಿತು. ನಿಯಮದ ಪ್ರಕಾರ ಕಬ್ಸ್ ಸರಿ ಇತ್ತು. ಆದರೂ ನನಗೆ ಇವತ್ತಿಗೂ ಅದು ಅನ್ಯಾಯ ಅಂತಲೇ ಅನಿಸುತ್ತದೆ. ಒಬ್ಬ ಆಟಗಾರನಿಗೆ ಒಳ್ಳೆ ವಯಸ್ಸು ಅನ್ನುವುದು ಹತ್ತು ವರ್ಷವೂ ಇರುವುದಿಲ್ಲ. ಅದರಲ್ಲಿ ಒಂದು ವರ್ಷವನ್ನು ಒಂದು ದಿನದ ಲೆಕ್ಕದಲ್ಲಿ ಕಸಿದುಕೊಂಡರೆ ಹೇಗೆ?

ಆ ಗಲಾಟೆಯ ಫಲವಾಗಿ ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದಲ್ಲಿ ಎರಡು ಹೊಸ ವಿಷಯ ಸೇರಿದವು. ಈ ಎರಡನ್ನೂ ಭಾನುವಾರದ ಮೊದಲು ನೀವು ತಿಳಿದಿರಬೇಕು. ಒಂದು, ತಡವಾಗಿ ಬಂದರೂ ಹೊಸ ಆಟಗಾರನ ಪ್ರಶಸ್ತಿಯಲ್ಲಿ ಮೊದಲ ಎರಡು ಸ್ಥಾನದಲ್ಲಿ ಬಂದವನಿಗೆ ಪೂರ್ತಿ ವರ್ಷದ ಲೆಕ್ಕ ಸಿಗುತ್ತದೆ. ಎರಡು, ಹೆಸರಾಂತ ಪಟ್ಟಿಗಳಲ್ಲಿ ಮೊದಲ ನೂರರೊಳಗೆ ಇರುವ ಹುಡುಗನನ್ನು ತಂಡ ಶುರುವಿನಿಂದಲೇ ಆಡಿಸಿ, ಅವನು ಆ ಪ್ರಶಸ್ತಿ ಗೆದ್ದರೆ ತಂಡಕ್ಕೆ ಹೊಸ ಹುಡುಗರನ್ನು ಆರಿಸುವ ಮೇಜರ್ ಲೀಗ್ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಆಯ್ಕೆ ಇನಾಮು. ಸಿಯಾಟಲ್ ಮ್ಯಾರಿನರ್ಸ್ 2022ರಲ್ಲಿ ಹೂಲಿಯೋ ರೊಡ್ರಿಗೆಸ್‌ನನ್ನು ಮೊದಲ ದಿನದಿಂದ ಆಡಿಸಿ ಈ ಇನಾಮನ್ನು ಮೊದಲು ಪಡೆಯಿತು. ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಆಗಿದ್ದು ಇದರ ಉಲ್ಟಾ. 2024ರಲ್ಲಿ ಪಾಲ್ ಸ್ಕೀನ್ಸ್‌ನನ್ನು ಮೇ 11ರವರೆಗೆ ಕೆಳಗಿಟ್ಟರು. ಅವನು ಬಂದು 23 ಪಂದ್ಯ ಶುರುಮಾಡಿ 1.96 ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) ಇಟ್ಟುಕೊಂಡು ಪ್ರಶಸ್ತಿ ಗೆದ್ದ. ಅವನಿಗೆ ಪೂರ್ತಿ ವರ್ಷ ಸಿಕ್ಕಿತು. ತಂಡಕ್ಕೆ ಆ ವರ್ಷವೂ ಉಳಿಯಲಿಲ್ಲ, ಇನಾಮೂ ಬರಲಿಲ್ಲ.

ನಿಮ್ಮ ಆಂಥನಿ 2025ರ ಪ್ರಶಸ್ತಿಯಲ್ಲಿ ಮೂರನೆಯವನಾದ. ಎರಡನೆಯವನಾಗಿದ್ದರೆ ಅವನಿಗೂ ಪೂರ್ತಿ ವರ್ಷದ ಲೆಕ್ಕ ಸಿಗುತ್ತಿತ್ತು. ಆದರೆ ಅಷ್ಟರಲ್ಲಿ ಅವನು ಎಂಟು ವರ್ಷಕ್ಕೆ 13 ಕೋಟಿ ಡಾಲರ್‌ಗೆ ಸಹಿ ಹಾಕಿ ಆಗಿತ್ತು, ಹಾಗಾಗಿ ದೊಡ್ಡ ನಷ್ಟ ಆಗಲಿಲ್ಲ.

ನಿಮಗೂ ತಂಡಕ್ಕೂ ಜಗಳ ಇಲ್ಲೇ ಹುಟ್ಟುತ್ತದೆ. ತಂಡ ನೋಡುತ್ತಿರುವುದು ಹುಡುಗನ ಮುಂದಿನ ಆರೇಳು ವರ್ಷಗಳನ್ನು. ನಿಮ್ಮ ಲೀಗ್‌ನಲ್ಲಿ ಪ್ರತಿ ವರ್ಷ ಎಲ್ಲ ಅಳಿಸಿ ಹೊಸದಾಗಿ ಶುರು, ನಿಮಗೆ ಬೇಕಾದದ್ದು ಏಪ್ರಿಲ್‌ನಿಂದ ಸೆಪ್ಟೆಂಬರ್. ಪ್ರಾಸ್ಪೆಕ್ಟ್ ಪಟ್ಟಿಗಳು ತಂಡದ ಪ್ರಶ್ನೆಗೆ ಉತ್ತರ ಹೇಳುತ್ತವೆ, ನಿಮ್ಮ ಪ್ರಶ್ನೆಗೆ ಅಲ್ಲ. ಪಟ್ಟಿಯಲ್ಲಿ ಒಂದನೇ ಸ್ಥಾನ ಅಂದರೆ ಮುಂದೆ ಎಲ್ಲರಿಗಿಂತ ದೊಡ್ಡ ಆಟಗಾರ ಆಗಬಹುದು ಅಂತ ಅರ್ಥ. ಈ ಜುಲೈನಲ್ಲಿ ನಿಮಗೆ ಹೋಮ್‌ರನ್ ಕೊಡುತ್ತಾನೆ ಅಂತ ಅಲ್ಲ.

ಮೈಕ್ ಟ್ರೌಟ್ ಗಿಂತ ದೊಡ್ಡ ಪ್ರಾಸ್ಪೆಕ್ಟ್ ಬೇಕಾ? 2011ರಲ್ಲಿ 19ನೇ ವಯಸ್ಸಿಗೆ ಬಂದಾಗ 40 ಆಟದಲ್ಲಿ ಅವನ ಸರಾಸರಿ .220 (ನೂರು ಸಲಕ್ಕೆ 22 ಹಿಟ್). ಮರುವರ್ಷ ಮತ್ತೆ ಟ್ರಿಪಲ್-ಎಯಲ್ಲೇ ಶುರುಮಾಡಿ, ಏಪ್ರಿಲ್ ಕೊನೆಗೆ ಬಂದು .326 ಸರಾಸರಿ, 30 ಹೋಮ್‌ರನ್, 49 ಸ್ಟೀಲ್ (ಕದ್ದು ಓಡಿ ಮುಂದಿನ ಬೇಸ್ ಹಿಡಿಯುವುದು). ಜ್ಯಾಕ್ಸನ್ ಹಾಲಿಡೇ 2024ರ ಶುರುವಿನಲ್ಲಿ ಪಟ್ಟಿಗಳ ತುದಿಯಲ್ಲಿದ್ದ. ಏಪ್ರಿಲ್‌ನಲ್ಲಿ ಬಂದು ಹತ್ತು ಆಟದಲ್ಲಿ 34ಕ್ಕೆ 2 ಹಿಟ್, ವಾಪಸ್ ಟ್ರಿಪಲ್-ಎ ತಂಡ ನಾರ್‌ಫೋಕ್‌ಗೆ. ಹಾಗಂತ ಎಲ್ಲರೂ ಹಾಗೇ ಅಂತಲ್ಲ. ಹ್ವಾನ್ ಸೋಟೋ 2018ರಲ್ಲಿ 19ನೇ ವಯಸ್ಸಿಗೇ ಮೇನಲ್ಲಿ ಬಂದು 22 ಹೋಮ್‌ರನ್ ಹೊಡೆದ. ಆದರೆ ಸೋಟೋಗಳು ಅಪರೂಪ. ನಾವು ಡ್ರಾಫ್ಟ್ ಮೇಜಿನ ಮುಂದೆ ಕೂತಾಗ ನಮಗೆ ನೆನಪಾಗುವುದು ಮಾತ್ರ ಸೋಟೋ ಒಬ್ಬನೇ.

ಈಗ ಕ್ಯಾಂಪ್‌ಬೆಲ್ ವಿಷಯ. ಅವನನ್ನು ತಗೊಂಡಿದ್ದು ಸರಿಯಾದ ನಿರ್ಧಾರ ಅಂತಲೇ ನಾನು ಹೇಳುತ್ತೇನೆ. ಅವನಿಗೆ ಸೆಕೆಂಡ್ ಬೇಸ್‌ನಲ್ಲಿ ಜಾಗ ಇತ್ತು. ಮೊದಲ ದಿನವೇ ತಂಡದಲ್ಲಿದ್ದ. ಏಪ್ರಿಲ್ ಶುರುವಿನಲ್ಲೇ ಎಂಟು ವರ್ಷಕ್ಕೆ 6 ಕೋಟಿ ಡಾಲರ್ ಒಪ್ಪಂದ ಆಯಿತು. ಏಪ್ರಿಲ್ ಕೊನೆಗೆ ಸರಾಸರಿ .301, ಲೀಗಿನ ತಿಂಗಳ ಹೊಸ ಆಟಗಾರ. ನೀವು ಎಡವಿದ್ದು ಮೇನಲ್ಲಿ ಅವನನ್ನು ಬಿಡದೆ ಹಿಡಿದುಕೊಂಡಿದ್ದರಲ್ಲಿ. ದೊಡ್ಡ ಒಪ್ಪಂದ ಆಗಿದೆ, ಇನ್ನು ಇವನನ್ನು ಕೆಳಗೆ ಕಳಿಸಲ್ಲ ಅಂದುಕೊಂಡಿರಬೇಕು. ಬಹಳ ಜನ ಹಾಗೇ ಅಂದುಕೊಂಡಿದ್ದರು. ಆದರೆ ಕಳಿಸಬಹುದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಆಪ್ಷನ್, ದುಡ್ಡಲ್ಲ. 40 ಜನರ ದೊಡ್ಡ ಪಟ್ಟಿಯಲ್ಲಿರುವ ಆಟಗಾರನನ್ನು ಸಾಮಾನ್ಯವಾಗಿ ಮೂರು ಸೀಸನ್‌ವರೆಗೆ ಯಾರ ಅಪ್ಪಣೆಯೂ ಇಲ್ಲದೆ ಮೈನರ್‌ಗೆ ಕಳಿಸಬಹುದು. ಅದು ಮುಗಿದವನನ್ನು ಕಳಿಸಬೇಕಾದರೆ ಮೊದಲು ವೇವರ್‌ಗೆ ಹಾಕಬೇಕು, ಬೇರೆ 29 ತಂಡದಲ್ಲಿ ಯಾರಾದರೂ ಎತ್ತಿಕೊಂಡು ಹೋಗಬಹುದು. ಕ್ಯಾಂಪ್‌ಬೆಲ್‌ಗೆ ಆಪ್ಷನ್‌ಗಳೆಲ್ಲ ಹಾಗೇ ಇದ್ದವು. ಜೂನ್‌ನಲ್ಲಿ ಕಳಿಸಿದರು. ಆ ಸೀಸನ್‌ನಲ್ಲಿ ಅವನು ಮತ್ತೆ ಬಾಸ್ಟನ್‌ಗೆ ಬರಲಿಲ್ಲ.

ಈ ಆಪ್ಷನ್ ವಿಷಯ ಸಪ್ಪೆ ಅನಿಸಬಹುದು, ಆದರೆ ಮಾರ್ಚ್‌ನ ಕೊನೆಯ ವಾರದಲ್ಲಿ ಇದಕ್ಕಿಂತ ಉಪಯೋಗದ ಮಾಹಿತಿ ಇನ್ನೊಂದಿಲ್ಲ. ಇಬ್ಬರು ಸಮಾನವಾಗಿ ಆಡುತ್ತಿದ್ದರೆ, ಆಪ್ಷನ್ ಮುಗಿದವನು ತಂಡದಲ್ಲಿ ಉಳಿಯುತ್ತಾನೆ, ಆಪ್ಷನ್ ಇರುವವನು ಕೆಳಗೆ ಹೋಗುತ್ತಾನೆ. ಅಭಿಮಾನಿಗಳು ಕೋಚ್‌ಗೆ ಬೈಯುತ್ತಾರೆ. ಅಲ್ಲಿ ಕೋಚ್‌ನ ಪಾತ್ರವೇ ಇರುವುದಿಲ್ಲ.

ಹಾಗಾದರೆ ಆಂಥನಿಗೆ ಜೂನ್ 9ಕ್ಕೆ ದಾರಿ ಹೇಗೆ ಸಿಕ್ಕಿತು? ಜೂನ್ 7ರಂದು ಅವನು ರೆಡ್ ಸಾಕ್ಸ್‌ನ ಟ್ರಿಪಲ್-ಎ ತಂಡವಾದ ವುಸ್ಟರ್‌ಗೆ 497 ಅಡಿ ದೂರದ ಗ್ರ್ಯಾಂಡ್ ಸ್ಲ್ಯಾಮ್ (ನಾಲ್ಕು ರನ್ ತರುವ ಹೋಮ್‌ರನ್) ಹೊಡೆದ. ಆ ವಿಡಿಯೊ ಎಲ್ಲರ ಫೋನ್‌ಗೂ ಬಂತು, ನನಗೂ ನಾಲ್ಕು ಜನ ಕಳಿಸಿದರು. ಆ ಹೊಡೆತದಿಂದಲೇ ಕರೆಸಿದರು ಅಂತ ಈಗಲೂ ಜನ ಹೇಳುತ್ತಾರೆ. ಆದರೆ ಅವನನ್ನು ಕರೆಸಿದ ದಿನವೇ ಅಬ್ರೇಯು ಗಾಯಾಳುಗಳ ಪಟ್ಟಿಗೆ ಹೋಗಿದ್ದ, ಪಕ್ಕೆಯ ಸ್ನಾಯು ನೋವು. ಜಾಗ ಖಾಲಿಯಾಯಿತು, ಹುಡುಗ ಬಂದ. ಆರು ದಿನ ಕಳೆದು ಜೂನ್ 15ಕ್ಕೆ ಡೆವರ್ಸ್‌ನನ್ನೇ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಕೊಟ್ಟುಬಿಟ್ಟರು. ಈಗ ಡಿಎಚ್ ಜಾಗವೂ ತೆರೆಯಿತು. ಆಂಥನಿ ಮೊದಮೊದಲು ತಡವರಿಸಿದ, ಹಿಟ್ ಸಿಗುತ್ತಿರಲಿಲ್ಲ. ಆದರೂ ಅವನನ್ನು ದಿನಾ ಆಡಿಸಿದರು. 71 ಆಟದಲ್ಲಿ ಸರಾಸರಿ .292, ಎಂಟು ಹೋಮ್‌ರನ್. ಸೆಪ್ಟೆಂಬರ್‌ನಲ್ಲಿ ಅವನಿಗೂ ಪಕ್ಕೆ ಸ್ನಾಯುವಿಗೆ ಪೆಟ್ಟಾಗಿ ಸೀಸನ್ ಮುಗಿಯಿತು.

ಆ ಎಂಟು ಹೋಮ್‌ರನ್ ಮೇಲೆ ಒಂದು ಕ್ಷಣ ನಿಲ್ಲಿ. ಬಾಸ್ಟನ್‌ಗೆ ಅವನು ಆ ವರ್ಷ ಬಹಳ ದೊಡ್ಡ ಆಟಗಾರ. ಕೆಟ್ಟ ಎಸೆತಗಳನ್ನು ಬಿಟ್ಟು ವಾಕ್ ಪಡೆದು ನಡೆದು ಬೇಸ್‌ಗೆ ಹೋಗುತ್ತಿದ್ದ, ಪಿಚರ್‌ನನ್ನು ಸುಸ್ತು ಮಾಡುತ್ತಿದ್ದ. ನಿಮ್ಮ ಭಾವನಿಗೆ? ಸರಾಸರಿ ಸಿಕ್ಕಿತು, ಉಳಿದದ್ದು ಸಾಧಾರಣ. ವಾಕ್‌ಗೆ ನಿಮ್ಮ ಲೀಗ್‌ನಲ್ಲಿ ಅಂಕ ಇಲ್ಲ. ಈ ಆಟವನ್ನು 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಡ್ಯಾನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರುಮಾಡಿದಾಗ ಬ್ಯಾಟಿಂಗ್‌ಗೆ ಇಟ್ಟುಕೊಂಡಿದ್ದು ಸರಾಸರಿ, ಹೋಮ್‌ರನ್, ಆರ್‌ಬಿಐ (ಹೊಡೆತದಿಂದ ತಂಡಕ್ಕೆ ತಂದ ರನ್), ಸ್ಟೀಲ್. ಲಾ ರೊಟಿಸರಿ ಫ್ರಾನ್ಸೇಸ್ ಅನ್ನುವ ಹೋಟೆಲಿನ ಹೆಸರಿನಿಂದಲೇ ರೋಟಿಸರಿ, ಅದು ಚಿಕ್ಕದಾಗಿ ರೋಟೋ. ಆಮೇಲೆ ರನ್ ಒಂದು ಸೇರಿತು. ಫೀಲ್ಡಿಂಗ್ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಹಾಗಾಗಿ ರಫೇಲಾ ಬ್ಯಾಟಿಂಗ್‌ನಲ್ಲಿ ಎರಡು ವಾರ ಸೊನ್ನೆ ಸುತ್ತಿದರೂ ತಂಡ ಅವನನ್ನು ಆಡಿಸುತ್ತದೆ. ನಿಮ್ಮ ಹುಡುಗ ಮೈನರ್‌ನಲ್ಲಿ ಎಷ್ಟೇ ಹೊಡೆದರೂ ಕಾಯುತ್ತಾನೆ.

ಉಲ್ಟಾ ಕಡೆಯಿಂದ ನೋಡಿದರೆ ಟ್ಯಾಂಪಾ ಬೇ ರೇಸ್‌ನ ಚ್ಯಾಂಡ್ಲರ್ ಸಿಂಪ್ಸನ್ ಇದ್ದಾನೆ. 2024ರಲ್ಲಿ ಮೈನರ್‌ನಲ್ಲಿ 104 ಬೇಸ್ ಕದ್ದವನು. ಪ್ರಾಸ್ಪೆಕ್ಟ್ ಪಟ್ಟಿ ಮಾಡುವವರಿಗೆ ಅವನ ಮೇಲೆ ಅಂಥ ಪ್ರೀತಿ ಇರಲಿಲ್ಲ, ಬ್ಯಾಟ್‌ನಲ್ಲಿ ಜೋರಿಲ್ಲ ಅಂತ. 2025ರ ಏಪ್ರಿಲ್‌ನಲ್ಲಿ ಬಂದ. ಹೋಮ್‌ರನ್ ಸೊನ್ನೆ, ಸ್ಟೀಲ್ 44, ಅದೂ ನಡುವೆ ಒಂದು ಸಲ ಕೆಳಗೆ ಹೋಗಿ ಬಂದು. ನಿಮ್ಮಂಥ ಲೀಗ್‌ನಲ್ಲಿ ಒಂದು ಇಡೀ ವಿಭಾಗವನ್ನು ಅವನೊಬ್ಬನೇ ಮೇಲೆತ್ತಬಲ್ಲ. 2023ರಲ್ಲಿ ಬೇಸ್‌ಗಳನ್ನು ದೊಡ್ಡದು ಮಾಡಿ, ಓಟಗಾರನನ್ನು ಔಟ್ ಮಾಡಲು ಪಿಚರ್ ಬೇಸ್‌ಗೆ ಪಿಕ್‌ಆಫ್ ಎಸೆಯುವುದಕ್ಕೆ ಮಿತಿ ಹಾಕಿದ ಮೇಲೆ ಸ್ಟೀಲ್ ಸಿಗುವುದು ಸುಲಭ ಆಗಿದೆ ನಿಜ. ಆದರೆ ಎಲ್ಲರಿಗೂ ಸುಲಭ ಆಗಿರುವುದರಿಂದ ಗೆಲ್ಲಲು ಇನ್ನೂ ಜಾಸ್ತಿ ಬೇಕು.

ದಾರಿ ಇರುವವನನ್ನು ಮಾರ್ಚ್‌ನಲ್ಲೇ ಗುರುತಿಸಬಹುದಾ ಅಂದರೆ, ಎಷ್ಟೋ ಸಲ ಗುರುತಿಸಬಹುದು. ಅಟ್ಲಾಂಟಾ ಬ್ರೇವ್ಸ್‌ನ ಕ್ಯಾಚರ್ ಶಾನ್ ಮರ್ಫಿಗೆ 2025ರ ಸ್ಪ್ರಿಂಗ್‌ನಲ್ಲಿ ಚೆಂಡು ಬಡಿದು ಪಕ್ಕೆಲುಬು ಬಿರುಕು ಬಿಟ್ಟಿತು. ಆ ದಿನದಿಂದ ಡ್ರೇಕ್ ಬಾಲ್ಡ್ವಿನ್ ಮೊದಲ ದಿನದ ಕ್ಯಾಚರ್ ಅಂತ ಎಲ್ಲರಿಗೂ ಗೊತ್ತಿತ್ತು. ಡ್ರಾಫ್ಟ್‌ನ ಕೊನೆಯಲ್ಲಿ ಅವನು ಸುಮ್ನೆ ಸಿಗುತ್ತಿದ್ದ. ಅವನೇ ನ್ಯಾಷನಲ್ ಲೀಗ್‌ನ ಹೊಸ ಆಟಗಾರ ಪ್ರಶಸ್ತಿ ಗೆದ್ದ.

ಅಥ್ಲೆಟಿಕ್ಸ್ ತಂಡದ ನಿಕ್ ಕರ್ಟ್ಸ್ ಇನ್ನೂ ಚೆಂದದ ಉದಾಹರಣೆ. ಅವನು ಆಡುವುದು ಫಸ್ಟ್ ಬೇಸ್. ಅಲ್ಲಿ ಟೈಲರ್ ಸೋಡರ್‌ಸ್ಟ್ರಾಮ್ ಚೆನ್ನಾಗಿಯೇ ಆಡುತ್ತಿದ್ದ. ತಂಡ ಏನು ಮಾಡಿತು ಅಂದರೆ ಸೋಡರ್‌ಸ್ಟ್ರಾಮ್‌ನನ್ನು ಲೆಫ್ಟ್ ಫೀಲ್ಡ್‌ಗೆ ಸರಿಸಿ ಕರ್ಟ್ಸ್‌ಗೆ ಜಾಗ ಮಾಡಿಕೊಟ್ಟಿತು. ಮೈನರ್‌ನಲ್ಲಿ ಐವತ್ತು ಆಟವನ್ನೂ ಆಡಿರದ ಹುಡುಗ ಏಪ್ರಿಲ್ 23ಕ್ಕೆ ಬಂದ. ಮೊದಲ ಹೋಮ್‌ರನ್‌ಗೆ ಮೇ ಮಧ್ಯದವರೆಗೆ ಕಾಯಬೇಕಾಯಿತು. ಎಷ್ಟೋ ಲೀಗ್‌ಗಳಲ್ಲಿ ಆ ಮೂರು ವಾರದಲ್ಲೇ ಅವನನ್ನು ಬಿಟ್ಟರು. ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ಆರಕ್ಕೆ ಆರು ಹಿಟ್, ಅದರಲ್ಲಿ ನಾಲ್ಕು ಹೋಮ್‌ರನ್. ವರ್ಷದ ಕೊನೆಗೆ 117 ಆಟದಲ್ಲಿ 36. ಒಬ್ಬ ಒಳ್ಳೆ ಆಟಗಾರನನ್ನು ಎಬ್ಬಿಸಿ ಜಾಗ ಕೊಟ್ಟ ತಂಡ ಮೂರು ವಾರದಲ್ಲಿ ಮನಸ್ಸು ಬದಲಾಯಿಸುವುದಿಲ್ಲ. ಆ ಸುಳಿವು ಕಂಡಾಗ ಕಾಯಿರಿ. ಆಂಥನಿಗೆ ಮಾರ್ಚ್‌ನಿಂದ ಮೇವರೆಗೆ ಅಂಥ ಸುಳಿವು ಒಂದೂ ಇರಲಿಲ್ಲ. ಅದಕ್ಕೇ ನಿಮ್ಮ ಮೇ 28 ತಪ್ಪಲ್ಲ ಅಂದಿದ್ದು. ಅಬ್ರೇಯುನ ಪಕ್ಕೆ ನೋಯುತ್ತದೆ ಅಂತ ನಿಮಗೆ ಹೇಗೆ ಗೊತ್ತಾಗಬೇಕು?

ನೀವು ಮ್ಯಾಸಚೂಸೆಟ್ಸ್‌ನಲ್ಲೇ ಇದ್ದೀರಿ, ಒಂದು ಕೆಲಸ ಮಾಡಿ. ವುಸ್ಟರ್‌ನ ಪೋಲಾರ್ ಪಾರ್ಕ್‌ಗೆ ಒಂದು ಸಂಜೆ ಹೋಗಿ. ಬಾಸ್ಟನ್‌ನಿಂದ ಒಂದು ಗಂಟೆ ದಾರಿ, ಮೇ ತಿಂಗಳಾದರೂ ಸ್ವೆಟರ್ ಇರಲಿ. ಹೋಮ್‌ಪ್ಲೇಟ್ ಹಿಂದೆ ಕೂತರೆ ಪಿಚರ್ ಕೈಯಿಂದ ಚೆಂಡು ಬಿಡುವುದು ಪೂರ್ತಿ ಕಾಣುತ್ತದೆ. ನಾನು ಅಲ್ಲಿ ಒಬ್ಬ ಹುಡುಗನನ್ನು ಇಡೀ ಆಟ ನೋಡಿದ್ದೇನೆ, ಹೆಸರು ಬೇಡ. ಎರಡು ಸ್ಟ್ರೈಕ್ ಆಗಿತ್ತು, ಮೂರನೆಯದಾದರೆ ಔಟ್. ಪಿಚರ್ ಎಸೆದ ಚೆಂಡು ಮಂಡಿಯ ಎತ್ತರದಲ್ಲಿ ಶುರುವಾಗಿ, ಪ್ಲೇಟ್ ಹತ್ತಿರ ಬರುತ್ತಾ ಉಸಿರು ಬಿಟ್ಟ ಹಾಗೆ ಕೆಳಗೆ ಬಿತ್ತು. ಹುಡುಗನ ಮುಂದಿನ ಹಿಮ್ಮಡಿ ಎದ್ದಿತು, ಕೈ ಹೊರಟಿತು, ಮಣಿಕಟ್ಟು ತಿರುಗುವ ಮೊದಲು ನಿಂತಿತು. ಬಾಲ್, ಅಂದರೆ ತಪ್ಪು ಎಸೆತ. ಆರನೇ ಇನ್ನಿಂಗ್ಸ್‌ನಲ್ಲಿ ಅದೇ ಚೆಂಡು ಮತ್ತೆ ಬಂತು. ಈ ಸಲ ಹಿಮ್ಮಡಿಯೂ ಏಳಲಿಲ್ಲ. ಪಕ್ಕದವರು ಪಾಪ್‌ಕಾರ್ನ್ ತರಲು ಹೋಗಿದ್ದರು, ಏನೂ ನಡೆಯಲಿಲ್ಲ ಅಂದುಕೊಂಡರು. ಅವತ್ತು ಅವನ ಲೆಕ್ಕದಲ್ಲಿ ಒಂದು ಹಿಟ್ ಕೂಡ ಇಲ್ಲ. ಆದರೆ ಮೇಲೆ ಹೋದಾಗ ಪಿಚರ್‌ಗಳು ಮೊದಲು ಪರೀಕ್ಷೆ ಮಾಡುವುದೇ ಈ ಚೆಂಡಿನಿಂದ. ಅದನ್ನು ಬಿಡಲು ಬಂದವನು ಉಳಿಯುತ್ತಾನೆ. ಮನೆಯಲ್ಲಿ ಕೂತು ನೋಡಬೇಕಾದರೂ ಇದನ್ನೇ ನೋಡಿ. ಹೋಮ್‌ರನ್ ಬಿಡಿ, ಸ್ಟ್ರೈಕ್‌ಔಟ್ ಎಷ್ಟು, ವಾಕ್ ಎಷ್ಟು ನೋಡಿ. ಒಂದು ತಿಂಗಳಲ್ಲಿ ಸರಾಸರಿ ಸುಳ್ಳು ಹೇಳಬಹುದು, ಸ್ಟ್ರೈಕ್‌ಔಟ್ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ಪಿಚರ್ ಪ್ರಾಸ್ಪೆಕ್ಟ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾರ್ಚ್‌ನಲ್ಲಿ ಮೈನರ್‌ನಲ್ಲಿರುವ ಪಿಚರ್‌ನನ್ನು ನಿಮ್ಮಂಥ ಲೀಗ್‌ನಲ್ಲಿ ತಗೊಳ್ಳಬೇಡಿ. ಪೈರೇಟ್ಸ್‌ನ ಬಬ್ಬ ಚ್ಯಾಂಡ್ಲರ್‌ಗಾಗಿ 2025ರಲ್ಲಿ ಜನ ಏಪ್ರಿಲ್‌ನಿಂದ ಕಾದರು. ಅವನು ಬಂದಿದ್ದು ಆಗಸ್ಟ್ 22ಕ್ಕೆ.

ಕೊನೆಗೆ ಗ್ರಿಫಿನ್. 2024ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಹೈಸ್ಕೂಲ್‌ನಿಂದ ನೇರ ಬಂದವನು. 2025ರಲ್ಲಿ ಮೂರು ಹಂತಗಳಲ್ಲಿ ಆಡಿ .333 ಸರಾಸರಿ, 21 ಹೋಮ್‌ರನ್, 65 ಸ್ಟೀಲ್. ಈ ಅಂಕಿ ನೋಡಿ ಬಾಯಲ್ಲಿ ನೀರು ಬರುವುದು ಸಹಜ. ಆದರೆ ಆ ವರ್ಷ ಟ್ರಿಪಲ್-ಎಗೆ ಒಂದು ಹಂತ ಕೆಳಗಿನ ಡಬಲ್-ಎಯಲ್ಲಿ ಅವನು ಆಡಿದ್ದು ಒಂದು ತಿಂಗಳಷ್ಟೂ ಇಲ್ಲ, ಟ್ರಿಪಲ್-ಎ ಅಂಗಳವನ್ನೇ ತುಳಿಯಲಿಲ್ಲ. ಇಪ್ಪತ್ತು ತುಂಬುವುದು 2026ರ ಏಪ್ರಿಲ್ ಕೊನೆಗೆ. ಶುರುವಿನಿಂದಲೇ ಆಡಿಸಿದರೆ ಇನಾಮಿನ ಆಸೆ ಪಿಟ್ಸ್‌ಬರ್ಗ್‌ಗೆ ಇದ್ದೇ ಇದೆ. ಆದರೆ ಸ್ಕೀನ್ಸ್‌ನನ್ನೂ ಚ್ಯಾಂಡ್ಲರ್‌ನನ್ನೂ ಕಾಯಿಸಿದ್ದು ಇದೇ ತಂಡ. ಹಾಗಾಗಿ ನಿಮ್ಮ ಲೀಗ್‌ನಲ್ಲಿ ಹದಿನೈದನೇ ಸುತ್ತಿನ ಮೊದಲು ನಾನು ಅವನನ್ನು ಮುಟ್ಟುವುದಿಲ್ಲ. ಅದಕ್ಕೂ ಮೊದಲೇ ಬೇರೆಯವರು ತಗೊಂಡರೆ ತಗೊಳ್ಳಲಿ, ಆ ಸುತ್ತಿನಲ್ಲಿ ನೀವು ದಿನಾ ಆಡುವ ಒಬ್ಬನನ್ನು ತಗೊಳ್ಳಿ. ಈ ವರ್ಷವೇ ಆಡುವ ಹುಡುಗ ಬೇಕು ಅಂದರೆ ಸೇಂಟ್ ಲೂಯಿಸ್‌ನ ಜೆಜೆ ವೆದರ್‌ಹೋಲ್ಟ್ ಕಡೆ ನೋಡಿ. ಅವನು ಕಾಲೇಜು ಆಡಿ ಬಂದವನು, ಡಬಲ್-ಎ ಮುಗಿಸಿ ಟ್ರಿಪಲ್-ಎಯಲ್ಲೂ ಹೊಡೆದು ತೋರಿಸಿದವನು. ಹಿಂದಿನ ವರ್ಷದ ಆಟಗಾರರನ್ನು ಉಳಿಸಿಕೊಳ್ಳುವ ಕೀಪರ್ ಲೀಗ್ ಆಗಿದ್ದರೆ ನನ್ನ ಉತ್ತರ ಪೂರ್ತಿ ಬೇರೆ, ಅಲ್ಲಿ ಗ್ರಿಫಿನ್‌ನನ್ನು ಕಣ್ಣು ಮುಚ್ಚಿ ತಗೊಳ್ಳುತ್ತಿದ್ದೆ.

ಬೆಂಚಿನ ಲೆಕ್ಕವನ್ನೂ ಹಾಕಿ. 26 ವಾರದ ಸೀಸನ್‌ನಲ್ಲಿ ಆಂಥನಿ ಬರುವವರೆಗೆ ಹತ್ತು ವಾರ ಕಳೆದಿತ್ತು. ಅವನನ್ನು ಕೂರಿಸಿಕೊಂಡಿದ್ದ ಎರಡು ತಿಂಗಳು ಆ ಒಂದು ಕುರ್ಚಿಯಲ್ಲಿ ನೀವು ಬೇರೆಯವರನ್ನು ಆಡಿಸಬಹುದಿತ್ತು. ಯಾರ ತಂಡದಲ್ಲೂ ಇಲ್ಲದ ಆಟಗಾರರಿಗೆ ಬಿಡ್ ಮಾಡಲು ನಿಮಗೆ ಲೀಗ್ ಕೊಡುವ ಲೆಕ್ಕದ ದುಡ್ಡು ಇದ್ದರೆ ಅದರ ಅರ್ಧವನ್ನಾದರೂ ಮೇ ಕೊನೆವರೆಗೆ ಮುಟ್ಟಬೇಡಿ. ದೊಡ್ಡ ಹೆಸರುಗಳು ಮೇಲೆ ಬರುವುದು ಏಪ್ರಿಲ್ ಕೊನೆಯ ವಾರದಿಂದ ಜೂನ್ ಮಧ್ಯದವರೆಗೆ. ಅಷ್ಟರಲ್ಲಿ ಬಹಳ ಜನ ಕೈ ಖಾಲಿ ಮಾಡಿಕೊಂಡಿರುತ್ತಾರೆ.

ಇನ್ನೊಂದು, ಇದು ಭಾವನಿಗೆ ಸಂಬಂಧಿಸಿದ್ದು. ಕೆಲವು ಫ್ಯಾಂಟಸಿ ಆ್ಯಪ್‌ಗಳಲ್ಲಿ ಮೈನರ್‌ನಲ್ಲಿರುವ ಹುಡುಗನನ್ನು ಇಡಲು ಎನ್‌ಎ ಅನ್ನುವ ಬೇರೆ ಜಾಗ ಹಾಕಿಕೊಳ್ಳಲು ಬರುತ್ತದೆ. ಅದರಲ್ಲಿ ಇಟ್ಟರೆ ಬೆಂಚಿನ ಕುರ್ಚಿ ಹೋಗುವುದಿಲ್ಲ. ನಿಮ್ಮ ಲೀಗ್‌ನಲ್ಲಿ ಅದು ಇದ್ದಿದ್ದರೆ ಆಂಥನಿ ಆ ವರ್ಷ ಪೂರ್ತಿ ನಿಮ್ಮವನೇ ಆಗಿರುತ್ತಿದ್ದ. ಎಲ್ಲರಿಗೂ ಒಂದೊಂದು ಎನ್‌ಎ ಜಾಗ ಕೊಡಿ ಅಂತ ಭಾವನಿಗೆ ಇವತ್ತೇ ಫೋನ್ ಮಾಡಿ ಕೇಳಿ. ಭಾನುವಾರ ಮೊದಲ ಸುತ್ತು ಮುಗಿದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.